ತಟ್ಟೆಯನ್ನೂ ವಿಚಾರಿಸುವ ವೈದ್ಯರು

ಮಕ್ಕಳೇ, ಹೈದರಾಬಾದಿನಲ್ಲಿ ಸಿಕಂದರಾಬಾದಿನಿಂದ ನಾಗೋಲ್ ಕಡೆಗೆ ಹೋಗುವ ಮೆಟ್ರೊ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ತಾರ್ನಾಕ ನಿಲ್ದಾಣ ಬರುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ವಿಶಾಲವಾದ ಆವರಣ ಇರುವುದು ಈ ಕಡೆಯೇ. ಅದರ ನೆರೆಯಲ್ಲಿ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಇದೆ. ನಾವು ಏನು ತಿನ್ನುತ್ತೇವೆ, ತಿಂದದ್ದು ಮೈಯೊಳಗೆ ಏನಾಗುತ್ತದೆ, ತಿನ್ನದೇ ಉಳಿದದ್ದರಿಂದ ಯಾವ ಕಾಯಿಲೆ ಬರುತ್ತದೆ ಎಂಬುದನ್ನು ಹುಡುಕುವುದೇ ಇಲ್ಲಿನವರ ಕೆಲಸ.

ಈ ಸಂಸ್ಥೆಗೆ ನೂರು ವರ್ಷ ದಾಟಿದೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ವೈದ್ಯರು ಒಂದೇ ಒಂದು ಕೋಣೆಯಲ್ಲಿ ಇದನ್ನು ಆರಂಭಿಸಿದರು. ಬೆರಿಬೆರಿ ಎಂಬ ಕಾಯಿಲೆ ಯಾಕೆ ಬರುತ್ತದೆಂದು ತಿಳಿಯುವುದು ಅವರ ಗುರಿಯಾಗಿತ್ತು. ಮುಂದೆ ಪ್ರಯೋಗಾಲಯ ಬೆಳೆಯಿತು, 1958ರಲ್ಲಿ ಹೈದರಾಬಾದಿಗೆ ಬಂತು. ಈಗಿನ ಹೆಸರು ಸಿಕ್ಕಿದ್ದು 1969ರಲ್ಲಿ.

ಇವತ್ತು ನಾವು ಮಾತಾಡುವುದು ಒಂದು ಪ್ರಶ್ನೆಯ ಬಗ್ಗೆ. ಈ ಔಷಧಿಯಿಂದ ಕಾಯಿಲೆ ವಾಸಿಯಾಗುತ್ತದೆ, ಆ ಆಹಾರದಿಂದ ಮೂಳೆ ಗಟ್ಟಿಯಾಗುತ್ತದೆ ಎಂದು ವೈದ್ಯರು ಹೇಳುತ್ತಾರಲ್ಲ, ಅದು ಅವರಿಗೆ ಗೊತ್ತಾಗುವುದು ಹೇಗೆ? ಪುಸ್ತಕದಲ್ಲಿ ಬರೆದಿದೆ ಅನ್ನಬಹುದು. ಪುಸ್ತಕ ಬರೆದವರಿಗೆ ಗೊತ್ತಾದದ್ದು ಹೇಗೆ? ಉತ್ತರಕ್ಕಾಗಿ ಒಂದು ಹಳೆಯ ಕಾಯಿಲೆಯಿಂದ ಶುರು ಮಾಡೋಣ.

ಕುತ್ತಿಗೆಯ ಸುತ್ತ ಕಪ್ಪು ಪಟ್ಟಿ

ಪ್ರಯೋಗಾಲಯ ಹೈದರಾಬಾದಿಗೆ ಬಂದ ಕಾಲದಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಒಂದು ಬಗೆಯ ರೋಗಿಗಳು ಬರುತ್ತಿದ್ದರು. ಹೆಚ್ಚಿನವರು ಬಡವರು, ಹೊಲದಲ್ಲಿ ದುಡಿಯುವವರು. ಅವರ ಮುಂಗೈ, ಪಾದ, ಕುತ್ತಿಗೆಯ ಚರ್ಮ ಕಪ್ಪಾಗಿ ಒರಟಾಗಿರುತ್ತಿತ್ತು. ಎಡಗೈಯಲ್ಲಿ ಎಲ್ಲಿ ಕಪ್ಪಾಗಿದೆಯೋ ಬಲಗೈಯಲ್ಲೂ ಅಲ್ಲೇ. ಬಿಸಿಲು ತಾಗುವ ಕಡೆಯೆಲ್ಲ ಹೀಗೆ, ಬಟ್ಟೆ ಮುಚ್ಚಿದ ಕಡೆ ಚರ್ಮ ಸರಿಯಾಗಿಯೇ ಇದೆ. ಜೊತೆಗೆ ನಾಲಿಗೆ ಕೆಂಪಾಗಿ ಹುಣ್ಣಾಗುವುದು, ಭೇದಿ, ನಿದ್ದೆ ಬಾರದಿರುವುದು. ಕೆಲವರಿಗೆ ಮಂಕು ಕವಿಯುತ್ತಿತ್ತು, ಮನೆಯವರ ಗುರುತೇ ಸಿಗುತ್ತಿರಲಿಲ್ಲ.

ಚರ್ಮದ ವೈದ್ಯರು ಇದನ್ನು ಚರ್ಮದ ಕಾಯಿಲೆ ಅನ್ನಬಹುದಿತ್ತು. ಹೊಟ್ಟೆಯ ವೈದ್ಯರು ಹೊಟ್ಟೆಯದು, ಮನೋವೈದ್ಯರು ಮನಸ್ಸಿನದು ಅನ್ನಬಹುದಿತ್ತು. ಆದರೆ ಮೂರಕ್ಕೂ ಬೇರು ಒಂದೇ. ಈ ಕಾಯಿಲೆಯ ಹೆಸರು ಪೆಲ್ಲಾಗ್ರ.

ಇದನ್ನು ಗಮನಿಸಿದ ಮೊದಲಿಗರಲ್ಲಿ ಸ್ಪೇನಿನ ಗಾಸ್ಪರ್ ಕಸಾಲ್ ಎಂಬ ವೈದ್ಯರು ಒಬ್ಬರು. 1735ರಷ್ಟು ಹಿಂದೆಯೇ ಅವರು ತಮ್ಮ ಬಡ ರೋಗಿಗಳನ್ನು ನೋಡಿ, ಕಂಡದ್ದನ್ನು ಒಂದೂ ಬಿಡದೆ ಬರೆದಿಟ್ಟರು. ಕುತ್ತಿಗೆಯ ಸುತ್ತ ಸರದಂತೆ ಬರುವ ಆ ಕಪ್ಪು ಪಟ್ಟಿಯನ್ನು ವೈದ್ಯರು ಇಂದಿಗೂ ಕಸಾಲ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಒಬ್ಬ ರೋಗಿಯಲ್ಲಿ ಕಂಡದ್ದನ್ನು ಹೀಗೆ ನಿಖರವಾಗಿ ಬರೆದಿಡುವುದಕ್ಕೆ ಪ್ರಕರಣ ವರದಿ ಎನ್ನುತ್ತಾರೆ. ಎಷ್ಟೋ ದೊಡ್ಡ ಸಂಶೋಧನೆಗಳು ಇಂಥ ಸಣ್ಣ ಬರಹದಿಂದ ಹುಟ್ಟಿವೆ.

ಕಾಯಿಲೆ ಕಂಡಿತು, ಕಾರಣ ಕಾಣಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲ್ಲಾಗ್ರ ವಿಪರೀತವಾಗಿತ್ತು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೆಂದೇ ಬಹಳ ಮಂದಿ ನಂಬಿದ್ದರು. 1914ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರನ್ನು ಅಲ್ಲಿಗೆ ಕಳಿಸಿದರು. ಅವರು ಆಸ್ಪತ್ರೆ, ಅನಾಥಾಲಯಗಳನ್ನು ಸುತ್ತಿದರು. ಅಲ್ಲಿ ಇರುವವರಿಗೆ ಕಾಯಿಲೆ ಬರುತ್ತದೆ, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಮಾತ್ರ ಬರುವುದೇ ಇಲ್ಲ. ಅಂಟುರೋಗವಾಗಿದ್ದರೆ ದಿನವಿಡೀ ಜೊತೆಗಿರುವ ದಾದಿಯರನ್ನು ಬಿಡುತ್ತಿತ್ತೇ? ವ್ಯತ್ಯಾಸ ಇದ್ದದ್ದು ಊಟದಲ್ಲಿ. ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿ ನೋಡಿದರು. ಪೆಲ್ಲಾಗ್ರ ಮಾಯವಾಯಿತು. ಆ ಊಟದಲ್ಲಿದ್ದ ಯಾವ ವಸ್ತು ಕಾಪಾಡಿತು ಎಂಬುದು ತಿಳಿದದ್ದು 1937ರಲ್ಲಿ, ಕಾನ್ರಾಡ್ ಎಲ್ವೆಜೆಮ್ ಎಂಬ ವಿಜ್ಞಾನಿಯಿಂದ. ಅದೇ ನಯಾಸಿನ್, ಬಿ ಗುಂಪಿನ ಒಂದು ಜೀವಸತ್ವ.

ನಮ್ಮ ಮೈಯ ಒಂದೊಂದು ಜೀವಕೋಶವೂ ಆಹಾರದಿಂದ ಶಕ್ತಿ ಪಡೆಯಲು ನಯಾಸಿನ್ ಬೇಕು. ಚರ್ಮ ಮತ್ತು ಕರುಳಿನ ಒಳಪದರ ಸದಾ ಹೊಸದಾಗಿ ಬೆಳೆಯುತ್ತಲೇ ಇರುತ್ತವೆ. ಮಿದುಳಿಗಂತೂ ಹಗಲು ರಾತ್ರಿ ಶಕ್ತಿ ಬೇಕೇ ಬೇಕು. ಅದಕ್ಕೇ ನಯಾಸಿನ್ ಕಡಿಮೆಯಾದಾಗ ಮೊದಲು ಸೋಲುವುದು ಈ ಮೂರು.

ಜೋಳದ ಒಗಟು

ಈಗ ಮತ್ತೆ ತಾರ್ನಾಕಕ್ಕೆ ಬರೋಣ. ಅಮೆರಿಕದಲ್ಲಿ, ಯುರೋಪಿನಲ್ಲಿ ಪೆಲ್ಲಾಗ್ರ ಬಂದದ್ದು ಮುಖ್ಯವಾಗಿ ಮೆಕ್ಕೆಜೋಳವನ್ನೇ ನಂಬಿ ಬದುಕಿದವರಿಗೆ. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ಅದು ನಮ್ಮ ಹೊಟ್ಟೆ ಬಿಡಿಸಿಕೊಳ್ಳಲಾರದ ಹಾಗೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ದೇಹಕ್ಕೆ ಇನ್ನೊಂದು ದಾರಿ ಉಂಟು. ಪ್ರೊಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ಅದು ತಾನೇ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್ ಸಿಕ್ಕರೆ 1 ಮಿಲಿಗ್ರಾಂ ನಯಾಸಿನ್. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಕೂಡ ಕಡಿಮೆ. ಹಾಗಾಗಿ ಎರಡು ದಾರಿಯೂ ಮುಚ್ಚಿದಂತಾಯಿತು.

ಆದರೆ ಹೈದರಾಬಾದಿನ ರೋಗಿಗಳು ತಿನ್ನುತ್ತಿದ್ದದ್ದು ಮೆಕ್ಕೆಜೋಳವಲ್ಲ. ಬೀದರ್, ಕಲಬುರಗಿ, ವಿಜಯಪುರ, ಧಾರವಾಡದ ಮನೆಗಳಲ್ಲಿ ರೊಟ್ಟಿ ತಟ್ಟುತ್ತಾರಲ್ಲ, ಆ ಜೋಳ. ಅದರಲ್ಲಿ ಮೆಕ್ಕೆಜೋಳದಷ್ಟು ಟ್ರಿಪ್ಟೊಫ್ಯಾನ್ ಕೊರತೆ ಇಲ್ಲ. ಮತ್ತೆ ಪೆಲ್ಲಾಗ್ರ ಯಾಕೆ ಬಂತು?

ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಎಂಬ ಇಬ್ಬರು ವೈದ್ಯವಿಜ್ಞಾನಿಗಳು ಎರಡೂ ಧಾನ್ಯಗಳಲ್ಲಿ ಸಮಾನವಾಗಿ ಏನಿದೆ ಎಂದು ಹುಡುಕಿದರು. ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಎರಡರಲ್ಲೂ ಬಹಳ ಇತ್ತು. ಲ್ಯೂಸಿನ್ ಅತಿಯಾದರೆ ದೇಹ ನಯಾಸಿನ್ ತಯಾರಿಸಿ ಬಳಸುವ ಕೆಲಸಕ್ಕೆ ಅಡ್ಡಿಯಾಗಬಹುದು ಎಂದು ಅವರು 1960ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಲ್ಯೂಸಿನ್ ಕೊಟ್ಟಾಗ ಮೂತ್ರದಲ್ಲಿ ಹೊರಬೀಳುವ ವಸ್ತುಗಳು ಹೇಗೆ ಬದಲಾಗುತ್ತವೆಂದು ಅಳೆದರು. ಮುಂದಿನ ವರ್ಷಗಳಲ್ಲಿ ಭವಾನಿ ಬೆಳವಾಡಿ ಮೊದಲಾದವರು ಸೇರಿ ಇದೇ ಒಗಟಿನ ಬೆನ್ನು ಹತ್ತಿದರು. ಲ್ಯೂಸಿನ್ ಕಡಿಮೆ ಇರುವ ಜೋಳದ ತಳಿಗಳನ್ನೂ ಹುಡುಕಿದರು.

ಒಗಟು ಬಿಡಿಸಿದಂತಾಯಿತೇ? ಪೂರ್ತಿ ಆಗಲಿಲ್ಲ. ಬೇರೆ ದೇಶಗಳ ಪ್ರಯೋಗಾಲಯಗಳು ಇದನ್ನು ಪರೀಕ್ಷಿಸಿದಾಗ ಕೆಲವಕ್ಕೆ ಅದೇ ಫಲ ಸಿಗಲಿಲ್ಲ. ತಾರ್ನಾಕದಲ್ಲೇ ಮುಂದೆ ನಡೆದ ಅಧ್ಯಯನಗಳಲ್ಲಿ ಬಿ6 ಜೀವಸತ್ವದ ಪಾತ್ರವೂ ಇದೆ ಎಂಬುದು ಕಂಡಿತು. ವಿಜ್ಞಾನ ಸೋತಿತು ಎಂದು ಇದರ ಅರ್ಥವಲ್ಲ. ಗೌರವಾನ್ವಿತ ವಿಜ್ಞಾನಿ ಹೇಳಿದರೂ ಇನ್ನೊಬ್ಬರು ಅದನ್ನು ಮತ್ತೆ ಪರೀಕ್ಷಿಸಬಹುದು, ಪರೀಕ್ಷಿಸಬೇಕು. ವಿಜ್ಞಾನದ ಮೇಲೆ ನಾವು ಭರವಸೆ ಇಡುವುದು ಇದಕ್ಕಾಗಿಯೇ.

ಹಾಗಾದರೆ ಜೋಳದ ರೊಟ್ಟಿ ಬಿಡಬೇಕೇ ಎಂದು ಕೇಳುತ್ತೀರಿ. ಖಂಡಿತ ಬೇಡ! ಪೆಲ್ಲಾಗ್ರ ಬಂದದ್ದು ಹೊತ್ತು ಹೊತ್ತಿಗೂ ಬರೀ ಜೋಳವನ್ನೇ ತಿನ್ನಬೇಕಾಗಿ ಬಂದ ಬಡವರಿಗೆ. ಅವರಿಗೆ ಬೇಳೆ, ಹಾಲು, ಸೊಪ್ಪು ಎಟಕುತ್ತಿರಲಿಲ್ಲ. ನಿಮ್ಮ ತಟ್ಟೆಯಲ್ಲಿ ರೊಟ್ಟಿಯ ಜೊತೆ ಕಾಳಿನ ಪಲ್ಯ, ಮೊಸರು, ಶೇಂಗಾ ಚಟ್ನಿ ಇದ್ದರೆ ಹೆದರಿಕೆಗೆ ಕಾರಣವೇ ಇಲ್ಲ. ಶೇಂಗಾದಲ್ಲಂತೂ ನಯಾಸಿನ್ ಧಾರಾಳ. ಜನರ ಊಟ ಸುಧಾರಿಸಿದಂತೆ ಪೆಲ್ಲಾಗ್ರ ನಮ್ಮಲ್ಲಿ ಈಗ ಅಪರೂಪದ ಕಾಯಿಲೆಯಾಗಿದೆ.

ಹೋಲಿಸದೆ ತಿಳಿಯುವುದಿಲ್ಲ

ಒಬ್ಬ ರೋಗಿಯನ್ನು ನೋಡಿ ವೈದ್ಯರಿಗೆ ಒಂದು ಪ್ರಶ್ನೆ ಹುಟ್ಟುತ್ತದೆ. ಉತ್ತರಕ್ಕೆ ಒಬ್ಬರು ಸಾಲುವುದಿಲ್ಲ. ಯಾಕೆ?

ನೀವು ಒಂದು ಕುಂಡದಲ್ಲಿ ಹೆಸರುಕಾಳು ಬಿತ್ತಿ, ಗೊಬ್ಬರ ಹಾಕಿದಿರಿ ಎನ್ನಿ. ಗಿಡ ಚೆನ್ನಾಗಿ ಬೆಳೆಯಿತು. ಗೊಬ್ಬರದಿಂದಲೇ ಬೆಳೆಯಿತು ಅನ್ನಲಾದೀತೇ? ಬಿಸಿಲು ಚೆನ್ನಾಗಿತ್ತೇನೋ, ಮಣ್ಣೇ ಒಳ್ಳೆಯದಿತ್ತೇನೋ. ಅದೇ ಮಣ್ಣು, ಅದೇ ಬಿಸಿಲು, ಅಷ್ಟೇ ನೀರು ಸಿಗುವ ಇನ್ನೊಂದು ಕುಂಡವನ್ನು ಗೊಬ್ಬರ ಹಾಕದೆ ಪಕ್ಕದಲ್ಲಿಟ್ಟರೆ ಮಾತ್ರ ನಿಜ ತಿಳಿಯುತ್ತದೆ. ಒಂದೊಂದೇ ಕುಂಡ ಇಟ್ಟರೂ ಸಾಲದು, ಹತ್ತು ಹತ್ತು ಇಡಬೇಕು. ಒಂದು ಕಾಳು ಹುಟ್ಟಿನಿಂದಲೇ ಬಡಕಲಾಗಿದ್ದರೆ ಲೆಕ್ಕ ತಪ್ಪುತ್ತದೆ.

ಮನುಷ್ಯರ ವಿಷಯದಲ್ಲೂ ಹೀಗೆ ಎರಡು ಗುಂಪು ಮಾಡಿ ಹೋಲಿಸಬೇಕಾಗುತ್ತದೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ತಮ್ಮ ಇಷ್ಟದಂತೆ ಆರಿಸಬಾರದು, ಚೀಟಿ ಎತ್ತಿದ ಹಾಗೆ ನಿರ್ಧಾರವಾಗಬೇಕು. ಇಲ್ಲದಿದ್ದರೆ ಗಟ್ಟಿಮುಟ್ಟಾದವರೆಲ್ಲ ಔಷಧಿ ಗುಂಪಿಗೆ ಸೇರಿ, ಔಷಧಿಗೆ ಸುಮ್ಮನೆ ಹೆಸರು ಬಂದುಬಿಡಬಹುದು.

ಚಿಕ್ಕವರಿದ್ದಾಗ ಅಂಗನವಾಡಿಯಲ್ಲಿ ನಿಮಗೆ ಆರು ತಿಂಗಳಿಗೊಮ್ಮೆ ಒಂದು ಚಮಚ ಎ ಜೀವಸತ್ವದ ದ್ರಾವಣ ಕುಡಿಸಿರುತ್ತಾರೆ. ಅದರ ಹಿಂದೆಯೂ ತಾರ್ನಾಕದ ಕೆಲಸವಿದೆ. ಎ ಜೀವಸತ್ವ ಕಡಿಮೆಯಾದ ಮಕ್ಕಳಿಗೆ ಮೊದಲು ಮುಸ್ಸಂಜೆಯಲ್ಲಿ ಕಣ್ಣು ಮಂಜಾಗುತ್ತದೆ. ಅದೇ ಇರುಳುಗಣ್ಣು. ಕೊರತೆ ಮುಂದುವರಿದರೆ ದೃಷ್ಟಿಯೇ ಹೋಗಬಹುದು. ನಮ್ಮ ಯಕೃತ್ತು ಎ ಜೀವಸತ್ವವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳಬಲ್ಲದು. ಹಾಗಿದ್ದರೆ ಒಮ್ಮೆಗೇ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಸಾಕಲ್ಲವೇ ಎಂದು ವಿಜ್ಞಾನಿಗಳು ಯೋಚಿಸಿ, ಹಳ್ಳಿಯ ಮಕ್ಕಳಲ್ಲಿ ಪರೀಕ್ಷಿಸಿ ನೋಡಿದರು. ಫಲ ಸಿಕ್ಕಿತು. 1970ರಿಂದ ಅದು ದೇಶದ ಕಾರ್ಯಕ್ರಮವಾಯಿತು. ಆದರೆ ಎ ಜೀವಸತ್ವ ಅತಿಯಾದರೂ ಅಪಾಯ, ಆದ್ದರಿಂದ ಅದನ್ನು ಆರೋಗ್ಯ ಕಾರ್ಯಕರ್ತೆಯರು ಅಳೆದೇ ಕೊಡುತ್ತಾರೆ.

ಉಪ್ಪಿಟ್ಟು ತಿಂದ ಹಳ್ಳಿಗಳು

ಮುಂದಿನ ಕಥೆ ನನಗೆ ಬಹಳ ಇಷ್ಟ. ಇದರಲ್ಲಿ ತಾಳ್ಮೆಯೇ ನಾಯಕ.

1987ರಿಂದ 1990ರವರೆಗೆ ಹೈದರಾಬಾದಿನ ಸುತ್ತಲಿನ 29 ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಆಗ ಸರ್ಕಾರದ ಅಂಗನವಾಡಿ ಯೋಜನೆ ಎಲ್ಲ ಕಡೆಗೂ ಇನ್ನೂ ತಲುಪಿರಲಿಲ್ಲ. 15 ಹಳ್ಳಿಗಳಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ, ಆರು ವರ್ಷದೊಳಗಿನ ಮಕ್ಕಳಿಗೆ ಪ್ರತಿದಿನ ಒಂದು ತಿಂಡಿ ಸಿಗುತ್ತಿತ್ತು. ಮೆಕ್ಕೆಜೋಳ ಮತ್ತು ಸೋಯಾ ಬೆರೆಸಿ ಮಾಡಿದ ಉಪ್ಪಿಟ್ಟು. ಉಳಿದ 14 ಹಳ್ಳಿಗಳಿಗೆ ಯೋಜನೆ ಇನ್ನೂ ಬರಬೇಕಿತ್ತು. ತಾರ್ನಾಕದ ಸಂಶೋಧಕರು ಎರಡೂ ಕಡೆ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟುಕೊಂಡರು.

ಅಲ್ಲಿಗೇ ನಿಲ್ಲಿಸಲಿಲ್ಲ. ಆ ಮಕ್ಕಳು ಬೆಳೆದು ಹೈಸ್ಕೂಲು, ಕಾಲೇಜು ಸೇರುವ ವಯಸ್ಸಾದಾಗ, 2003ರಿಂದ 2005ರ ನಡುವೆ, ಸಂಶೋಧಕರು ಮತ್ತೆ ಅದೇ ಹಳ್ಳಿಗಳಿಗೆ ಹೋದರು. 13ರಿಂದ 18 ವರ್ಷದ 1165 ಮಕ್ಕಳನ್ನು ಹುಡುಕಿ ಎತ್ತರ ಅಳೆದರು, ರಕ್ತ ಪರೀಕ್ಷಿಸಿದರು, ರಕ್ತನಾಳಗಳು ಎಷ್ಟು ಮೃದುವಾಗಿವೆ ಎಂದು ಉಪಕರಣ ಇಟ್ಟು ನೋಡಿದರು. ಉಪ್ಪಿಟ್ಟಿನ ಹಳ್ಳಿಗಳ ಮಕ್ಕಳು ಸರಾಸರಿ 14 ಮಿಲಿಮೀಟರ್ ಹೆಚ್ಚು ಎತ್ತರ ಇದ್ದರು.

ಸ್ಕೇಲ್ ತೆಗೆದು 14 ಮಿಲಿಮೀಟರ್ ಎಷ್ಟೆಂದು ನೋಡಿ. ಒಂದೂವರೆ ಸೆಂಟಿಮೀಟರ್ ಕೂಡ ಇಲ್ಲ, ಇಷ್ಟಕ್ಕೇ ಇಷ್ಟು ಸಂಭ್ರಮವೇ ಅನ್ನಿಸಬಹುದು. ಆದರೆ ಆ ಮಕ್ಕಳ ರಕ್ತನಾಳಗಳೂ ಹೆಚ್ಚು ಮೃದುವಾಗಿದ್ದವು. ಇನ್ಸುಲಿನ್ ಎಂಬ ಹಾರ್ಮೋನು ಅವರ ದೇಹದಲ್ಲಿ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ದೊಡ್ಡವರಾದ ಮೇಲೆ ಬರುವುದಾದರೂ, ಅವುಗಳಿಂದ ಕಾಪಾಡಿಕೊಳ್ಳುವ ಕೆಲಸ ಅಮ್ಮನ ಹೊಟ್ಟೆಯಲ್ಲಿರುವಾಗಲೇ ಆರಂಭವಾಗಬಹುದು ಎಂಬ ಸುಳಿವು ಇದು. ಈ ಫಲಿತಾಂಶ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಈ ಹಳ್ಳಿಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಯೋಜನೆ ಎಲ್ಲಿಗೆ ಮೊದಲು ಬಂತೋ ಅವು ಒಂದು ಗುಂಪು. ಹಾಗಾಗಿ ಹಳ್ಳಿ ಹಳ್ಳಿಗಳ ನಡುವೆ ಬೇರೆ ವ್ಯತ್ಯಾಸಗಳೂ ಇದ್ದಿರಬಹುದು. ಅದಕ್ಕೇ ನಾನು ಸುಳಿವು ಎಂದದ್ದು.

ಮಂಗಳೂರಿನ ವೈದ್ಯರು, ಜಾರ್ಖಂಡಿನ ಮನೆಗಳು

ಈಗ ತೀರಾ ಹತ್ತಿರದ ಕಾಲದ್ದು. ಕ್ಷಯ ನಿಮಗೆ ಗೊತ್ತಿರಬಹುದು, ಟಿಬಿ ಅನ್ನುತ್ತಾರೆ. ರೋಗಿ ಕೆಮ್ಮಿದಾಗ ಬ್ಯಾಕ್ಟೀರಿಯ ಗಾಳಿಯಲ್ಲಿ ತೇಲಿ ಮನೆಯವರ ಶ್ವಾಸಕೋಶ ಸೇರುತ್ತದೆ. ಆದರೂ ಸೇರಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಬಹಳ ಜನರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ತಡೆದು ನಿಲ್ಲಿಸುತ್ತದೆ. ಹೊಟ್ಟೆಗೆ ಸಾಕಷ್ಟು ಇಲ್ಲದಿದ್ದರೆ ಆ ರಕ್ಷಣೆ ಕುಗ್ಗುತ್ತದೆ. ಹಾಗಿದ್ದರೆ ರೋಗಿಯ ಮನೆಯವರಿಗೆಲ್ಲ ಒಳ್ಳೆಯ ಊಟ ಸಿಕ್ಕರೆ ಟಿಬಿ ಕಡಿಮೆಯಾಗುತ್ತದೆಯೇ?

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಈ ಪ್ರಶ್ನೆ ಹಿಡಿದು ಜಾರ್ಖಂಡಿಗೆ ಹೋದರು. 2019ರಲ್ಲಿ ಅಧ್ಯಯನ ಶುರುವಾಯಿತು. ನಾಲ್ಕು ಜಿಲ್ಲೆಗಳ 28 ಟಿಬಿ ಘಟಕಗಳನ್ನು ಚೀಟಿ ಎತ್ತುವ ಕ್ರಮದಲ್ಲೇ ಎರಡು ಗುಂಪಾಗಿ ಹಂಚಿದರು. ಎರಡೂ ಗುಂಪಿನ ರೋಗಿಗಳಿಗೆ ತಿಂಗಳು ತಿಂಗಳು ಆಹಾರದ ಬುಟ್ಟಿ ಸಿಕ್ಕಿತು. ಒಂದು ಗುಂಪಿನಲ್ಲಿ ಮಾತ್ರ ಮನೆಯ ಇತರರಿಗೂ ಅಕ್ಕಿ, ಬೇಳೆ, ಜೀವಸತ್ವದ ಮಾತ್ರೆ ಕೊಟ್ಟರು. ಒಟ್ಟು 10,345 ಮನೆಮಂದಿಯನ್ನು 2022ರವರೆಗೆ ಗಮನಿಸಿದರು.

ಲೆಕ್ಕ ನೀವೇ ನೋಡಿ. ಹೆಚ್ಚುವರಿ ಆಹಾರ ಸಿಗದ 4,724 ಮನೆಮಂದಿಯಲ್ಲಿ 122 ಜನರಿಗೆ ಟಿಬಿ ಬಂತು, ಅಂದರೆ ಸಾವಿರಕ್ಕೆ ಸುಮಾರು 26. ಆಹಾರ ಸಿಕ್ಕ 5,621 ಜನರಲ್ಲಿ 96 ಮಂದಿಗೆ ಬಂತು, ಸಾವಿರಕ್ಕೆ ಸುಮಾರು 17. ಎಲ್ಲವನ್ನೂ ಸರಿದೂಗಿಸಿ ಲೆಕ್ಕ ಹಾಕಿದಾಗ ಟಿಬಿ ಶೇಕಡಾ 39ರಷ್ಟು ಕಡಿಮೆಯಾಗಿತ್ತು. 2023ರ ಆಗಸ್ಟಿನಲ್ಲಿ ಈ ಫಲಿತಾಂಶ ಹೊರಬಂತು. ಅಕ್ಕಿ ಬೇಳೆ ಟಿಬಿಗೆ ಔಷಧಿ ಎಂದು ಯಾರೂ ತಿಳಿಯಬಾರದು. ಟಿಬಿ ಬಂದವರು ಮಾತ್ರೆಗಳನ್ನು ಕೊನೆಯ ದಿನದವರೆಗೂ ನುಂಗಲೇಬೇಕು. ಊಟ ಮಾಡಿದ ಕೆಲಸವೆಂದರೆ ಮನೆಯವರ ಮೈಗೆ ತಡೆಯುವ ಬಲ ಕೊಟ್ಟದ್ದು.

ನಿಮ್ಮ ಒಪ್ಪಿಗೆಯೂ ಬೇಕು

ಇಂಥ ಅಧ್ಯಯನಕ್ಕೆ ಯಾರನ್ನೂ ಬಲವಂತದಿಂದ ಸೇರಿಸುವಂತಿಲ್ಲ. ಏನು ಮಾಡುತ್ತೇವೆ, ಏನು ತೊಂದರೆ ಆಗಬಹುದು ಎಂದು ಅವರ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕು. ಬೇಡ ಅನ್ನಿಸಿದರೆ ನಡುವೆಯೇ ಬಿಟ್ಟು ಬರಬಹುದು, ಅದರಿಂದ ಅವರಿಗೆ ಸಿಗುವ ಚಿಕಿತ್ಸೆ ಕಡಿಮೆಯಾಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮಗಳ ಪ್ರಕಾರ ಮಕ್ಕಳ ಬಗ್ಗೆ ಅಧ್ಯಯನ ಮಾಡುವಾಗ ಅಪ್ಪ ಅಮ್ಮ ಒಪ್ಪಿದರಷ್ಟೇ ಸಾಲದು. ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು. ನಿಮ್ಮ ಮೈಯ ವಿಷಯದಲ್ಲಿ ನಿಮ್ಮ ಮಾತಿಗೂ ಬೆಲೆ ಇದೆ.

ಇನ್ನೊಂದು ಒಳ್ಳೆಯ ಕ್ರಮವೂ ಇದೆ. ಪ್ರಯೋಗ ಶುರುವಾಗುವ ಮೊದಲೇ, ಏನನ್ನು ಅಳೆಯುತ್ತೇವೆ, ಎಷ್ಟು ಜನರನ್ನು ಸೇರಿಸುತ್ತೇವೆ ಎಂದು 2007ರಲ್ಲಿ ಆರಂಭವಾದ ರಾಷ್ಟ್ರೀಯ ನೋಂದಣಿಯಲ್ಲಿ ಬರೆಸುತ್ತಾರೆ. ಅದನ್ನು ಯಾರು ಬೇಕಾದರೂ ಓದಬಹುದು. ಬೇಕಾದ ಉತ್ತರ ಬರದಿದ್ದರೆ ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಲು ಹೀಗೆ ಆಸ್ಪದ ಇರುವುದಿಲ್ಲ.

ಮಕ್ಕಳೇ, ಇನ್ನು ಮುಂದೆ ಮೊಬೈಲಿನಲ್ಲೋ ನೆಂಟರ ಮನೆಯಲ್ಲೋ "ಇದನ್ನು ತಿಂದೆ, ಕಾಯಿಲೆ ಹೋಯಿತು" ಎಂಬ ಮಾತು ಕಿವಿಗೆ ಬಿದ್ದರೆ ನಗಬೇಡಿ, ಹಾಗೆಂದು ಕೂಡಲೇ ನಂಬಲೂ ಬೇಡಿ. ಅದು ಒಂದು ಒಳ್ಳೆಯ ಪ್ರಶ್ನೆಯ ಆರಂಭ ಇರಬಹುದು. ವಿನಯದಿಂದ ಮೂರು ಮಾತು ಕೇಳಿ. ಎಷ್ಟು ಜನರಲ್ಲಿ ಹೀಗಾಯಿತು? ತಿನ್ನದವರಿಗೆ ಏನಾಯಿತು? ಬೇರೆಯವರು ಮತ್ತೆ ಮಾಡಿ ನೋಡಿದಾಗಲೂ ಹಾಗೇ ಆಯಿತೇ? ಗೋಲ್ಡ್‌ಬರ್ಗರ್ ದಾದಿಯರನ್ನು ನೋಡಿ ಕೇಳಿಕೊಂಡದ್ದೂ, ಗೋಪಾಲನ್ ಅವರ ಮಾತನ್ನು ಉಳಿದ ವಿಜ್ಞಾನಿಗಳು ಪರೀಕ್ಷಿಸಿದ್ದೂ ಇಂಥ ಪ್ರಶ್ನೆಗಳಿಂದಲೇ. ಈ ಮೂರನ್ನು ಕೇಳಲು ಡಾಕ್ಟರ್ ಆಗಿರಬೇಕಿಲ್ಲ, ಪ್ರಯೋಗಾಲಯವೂ ಬೇಡ. ಇವತ್ತಿನಿಂದಲೇ ಶುರು ಮಾಡಬಹುದು.